ಪಂಚೆಗೆ ಮೆತ್ತಿದ ಎರೆ

ವರ್ಷದ ಮೊದಲ ಮಳೆ ಬಿದ್ದ ಸಂಜೆ ಮನೆಗೆ ಬಂದ ಬೋರಯ್ಯನ ಪಂಚೆಗೆಲ್ಲ ಕಪ್ಪು ಕೆಸರು ಮೆತ್ತಿತ್ತು. ಊರಿನದೆಲ್ಲ ಕೆಮ್ಮಣ್ಣು, ಕರಿಯ ಎರೆಮಣ್ಣು ಇದ್ದದ್ದು ಹಳ್ಳದ ದಂಡೆಯ ದಾನಪ್ಪನ ಹೊಲದಲ್ಲಿ ಮಾತ್ರ. ನೀರಿನ ಜಗಳವಾಗಿ ಇಬ್ಬರೂ ಮಾತು ಬಿಟ್ಟಿದ್ದರು.

"ಎತ್ತು ತಪ್ಪಿಸ್ಕೊಂಡು ಹಳ್ಳಕ್ಕಿಳಿದಿತ್ತು" ಎಂದಷ್ಟೇ ಹೆಂಡತಿಗೆ ಹೇಳಿ ಅವನು ಮಲಗಿಬಿಟ್ಟ.

ಬೆಳಿಗ್ಗೆ ಅವನು ಸಂತೆಗೆ ಹೋದ ಮೇಲೆ ಪಕ್ಕದ ಮನೆಯ ಕ್ಯಾತಮ್ಮ ಓಡಿಬಂದಳು. "ಗಂಗೀ, ನಿನ್ನೆ ಸಂಜೆ ದಾನಪ್ಪನ್ನ ಯಾರೋ ಕೊಂದಾಕವ್ರಂತೆ ಕಣೇ!"

ಅವಳು ಅತ್ತ ಹೋದದ್ದೇ ಗಂಗಮ್ಮ ಬಾಗಿಲು ಹಾಕಿಕೊಂಡು ಪಂಚೆಯನ್ನು ಕುದಿಯುವ ನೀರಿಗೆ ಹಾಕಿ, ಒಂದು ಚುಕ್ಕೆ ಕಪ್ಪೂ ಉಳಿಯದಂತೆ ಉಜ್ಜಿದಳು. ಹಿಂಡಿ ಹರವುವಷ್ಟರಲ್ಲಿ ಪೊಲೀಸರು ಬಂದರು.

"ನಿನ್ನೆ ಸಂಜೆ ನಿನ್ನ ಗಂಡ ಎಲ್ಲಿದ್ದ?"

"ಮನೇಲೇ ಇದ್ರು ಸ್ವಾಮಿ. ಹಳ್ಳದ ಕಡೆ ಕಾಲೇ ಇಕ್ಕಿಲ್ಲ, ನನ್ನ ಮಕ್ಕಳಾಣೆ."

ದಫೇದಾರ ಅವಳನ್ನೇ ನೋಡಿದ. "ಹೆಣ ಸಿಕ್ಕಿದ್ದು ಗುಡ್ಡದ ಮ್ಯಾಲೆ, ಕೆಮ್ಮಣ್ಣಲ್ಲಿ. 'ಆ ಹೊತ್ನಲ್ಲಿ ನಾನು ಹಳ್ಳದ ಎರೇಲಿ ಎತ್ತು ಹುಡುಕ್ತಿದ್ದೆ, ಬೇಕಾದ್ರೆ ಮನೇಲಿರೋ ಪಂಚೆ ನೋಡಿ' ಅಂತಾವ್ನೆ ಸಂತೇಲಿ ಸಿಕ್ಕ ನಿನ್ನ ಗಂಡ. ಎಲ್ಲಮ್ಮ ಆ ಪಂಚೆ?"