ಬಿಳಿ ಉಳಿದ ಮೂಲೆ

"ಇಂಜಿನ್ ಆರಿಸಪ್ಪಾ, ಮಗೂಗೆ ಉಸಿರು ಸಿಗ್ತಿಲ್ಲ," ಎನ್ನುತ್ತ ತುಮಿರಾ ಕಂಟೇನರ್ ಲಾರಿಯ ಬಾಗಿಲು ಬಡಿದಳು. ಸೊಂಟದ ಜೋಳಿಗೆಯಲ್ಲಿದ್ದ ಮೊಮ್ಮಗಳ ಎದೆ ಸುಯ್ಯೆನ್ನುತ್ತಿತ್ತು. ಜಕಾರ್ತಾ ಬಂದರಿಗೆ ಹೊರಟ ಲಾರಿಗಳು ಬೆಳಗಿನಿಂದ ಅವಳ ಕಿಟಕಿಯ ಮುಂದೆಯೇ ಸಾಲುಗಟ್ಟಿ ಹೊಗೆ ಕಾರುತ್ತಿದ್ದವು.

ಚಾಲಕ ಸೌತ್ ತಲೆ ಹೊರಹಾಕಿದ. "ಬ್ಯಾಟರಿ ಸತ್ತಿದೆ ಅಮ್ಮಾ. ಆರಿಸಿದ್ರೆ ಮತ್ತೆ ಏಳಲ್ಲ. ಸಾಲು ತಪ್ಪಿದ್ರೆ ಹಡಗೂ ಹೋಯ್ತು, ನನ್ನ ಕೆಲಸಾನೂ ಹೋಯ್ತು."

"ನಿನ್ನ ಲಾರಿ ನಮ್ಮತ್ತೆ ಥರ ಕಣೋ," ಹಿಂದಿನ ಲಾರಿಯಿಂದ ಬೋನಾರ್ ಕೂಗಿದ. "ಮಲಗಿದ್ರೆ ಏಳಲ್ಲ, ಎದ್ರೆ ಸುಮ್ನಿರಲ್ಲ."

ಒಗೆದು ಒಣಹಾಕಿ ಆಗಷ್ಟೇ ಹಗ್ಗದಿಂದ ತೆಗೆದ ನಮಾಜಿನ ಬಿಳಿ ವಸ್ತ್ರ ತುಮಿರಾಳ ಹೆಗಲ ಮೇಲಿತ್ತು. ಅದರಿಂದ ಮಗುವಿನ ಬಾಯಿ ಮುಚ್ಚಲು ಹೋದಳು. ಅಲ್ಲಿ ಹೊಗೆಯ ಮಸಿ. ಮಡಿಕೆ ಬಿಚ್ಚಿದಳು, ತಿರುವಿದಳು, ಮತ್ತೆ ತಿರುವಿದಳು. ಬಿಳಿ ಉಳಿದ ಒಂದು ಮೂಲೆಗಾಗಿ ಅವಳ ಬೆರಳುಗಳು ತಡಕಾಡುತ್ತಲೇ ಇದ್ದವು. ಸೌತ್ ಅದನ್ನೇ ನೋಡುತ್ತಿದ್ದ. ಆಮೇಲೆ ಕೀಲಿ ತಿರುಗಿಸಿ ಇಂಜಿನ್ ಆರಿಸಿದ.

ಅಷ್ಟರಲ್ಲಿ ಸಾಲು ಮುಂದೆ ಸರಿಯಿತು. ಸೌತ್ ಗಾಬರಿಯಿಂದ ಮತ್ತೆ ಕೀಲಿ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ಪಕ್ಕದಿಂದ ಇನ್ನೊಂದು ಲಾರಿ ನುಗ್ಗಿ ಅವನ ಮುಂದಿನ ಜಾಗ ಹಿಡಿಯಿತು. ಹಿಂದೆ ಹಾರ್ನ್‌ಗಳು ಒಂದರ ಮೇಲೊಂದು ಅರಚತೊಡಗಿದವು. ಬೋನಾರ್ ಬ್ಯಾಟರಿಯಿಂದ ಬ್ಯಾಟರಿಗೆ ಜೋಡಿಸುವ ದಪ್ಪ ವೈರುಗಳ ಸುರುಳಿ ಹಿಡಿದು ಇಳಿದು ಬರುವುದನ್ನು ಕಂಡು ಸೌತ್ ಬೈಗುಳ ತಿನ್ನಲು ಸಿದ್ಧನಾದ.

ಬೋನಾರ್ ವೈರುಗಳನ್ನು ನೆಲಕ್ಕಿಟ್ಟು ಅವುಗಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. "ಮಗು ಸುಧಾರಿಸ್ಕೊಳ್ಳಲಿ, ಆಮೇಲೆ ಲಾರಿ ಎಬ್ಬಿಸೋಣ. ಅವರು ಹೊಡ್ಕೊಳ್ಳಲಿ ಬಿಡು ಹಾರ್ನು," ಎಂದ.

ಅವನ ಲಾರಿಯ ಇಂಜಿನ್ ಕೂಡ ಆರಿತ್ತು.