ಮೊದಲ ಭೇಟಿ

ಪುಸ್ತಕ ತೆರೆದರೆ ಸಾಕು, ಅದನ್ನು ಬರೆದು ತೀರಿಕೊಂಡವರು ಬಂದು ಪಕ್ಕದಲ್ಲಿ ಕೂರುವುದು ರೂಢಿಯಾಗಿದ್ದ ಕಾಲವದು. ರಾಯಚೂರಿನಲ್ಲಿ, ಜನ ಮರೆತ ಕಾದಂಬರಿಗಾರ್ತಿ ಸಾವಂತ್ರಮ್ಮನವರ ಶತಮಾನೋತ್ಸವ ನಡೆದಿತ್ತು. ಅವರ ಮೇಲೆ ಪಿಎಚ್‌ಡಿ ಮಾಡಿದ್ದ ಪ್ರೊಫೆಸರ್ ಅಮರೇಗೌಡರು ಒಂದು ಪುಟ ಓದಲೆಂದು ಕಾದಂಬರಿ ತೆರೆದರು. ಸಾವಂತ್ರಮ್ಮ ವೇದಿಕೆಯ ಖಾಲಿ ಕುರ್ಚಿಗೆ ಬಂದು ಕೂತರು.

“ತಮ್ಮಾ, ನೀ ಯಾರು? ನಿನ್ನ ಒಮ್ಮೆನೂ ನೋಡಿಲ್ಲಲ್ಲ?”

ಮಾತು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಗೌಡರ ವಿದ್ಯಾರ್ಥಿಗಳು ತಲೆ ತಗ್ಗಿಸಿದರು.

“ನಿಮ್ಮ ಪುಸ್ತಕ ಓದಲಾರ್ದನ ಪ್ರಬಂಧ ಬರದೀನ್ರಿ, ಅಮ್ಮಾರ,” ಎಂದರು ಗೌಡರು.

ಸಾವಂತ್ರಮ್ಮ ಸಿಟ್ಟಾಗಲಿಲ್ಲ. “ನಾ ಸತ್ತ ಮ್ಯಾಲೆ ಯಾರೂ ಕರದಿಲ್ಲಪಾ. ಈಗರೆ ಓದು,” ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಗೌಡರು ಮುಖ ಎತ್ತದೆ ಓದತೊಡಗಿದರು. ಮೊದಲ ಪುಟ ಮುಗಿಯುವಷ್ಟರಲ್ಲಿ ಅದರ ತಮಾಷೆಗೆ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ತಮ್ಮ ಪ್ರಬಂಧದ ಉದ್ದಕ್ಕೂ ಅವರು ಸಾವಂತ್ರಮ್ಮನವರನ್ನು ಕಣ್ಣೀರಿನ ಲೇಖಕಿ ಎಂದೇ ಕರೆದಿದ್ದರು.