ಹಳದಿ ಗಿಣಿ

ಹದಿನೆಂಟನೆಯ ಗಿಣಿಯೂ ಹಳದಿಯೇ. ಸಂಶೋಧಕಿ ಆ ಫೋಟೋವನ್ನೂ ಗೋಡೆಗೆ ಅಂಟಿಸಿ ಕಣ್ಣುಜ್ಜಿಕೊಂಡಳು. ಹಳೆಯ ಹಸ್ತಪ್ರತಿಯ ಇಪ್ಪತ್ತೇಳು ಚಿತ್ರಗಳಲ್ಲಿ ಇಪ್ಪತ್ತೇಳು ಗಿಣಿ, ಹಸಿರು ಒಂಬತ್ತೇ. ಬಣ್ಣ ಮಾಸಿರಬಹುದೆಂದು ಪರೀಕ್ಷಿಸಿಯಾಗಿತ್ತು. ಆ ಕಾಲದ ಹಸಿರನ್ನು ಮಾಡುತ್ತಿದ್ದುದು ತಾಮ್ರದಿಂದ; ಹಳದಿಯಲ್ಲಿ ಅದರ ಸುಳಿವೇ ಇರಲಿಲ್ಲ. ಚಿತ್ರಕಾರನ ಬಳಿ ಹಸಿರು ಮುಗಿದಿತ್ತು ಎಂದು ಬರೆದಾಗ ಪಿಎಚ್‌ಡಿ ಗೈಡ್ ನಕ್ಕಿದ್ದರು: "ಮುಗಿದದ್ದೇ ಹದಿನೆಂಟು ಸಲ ಹೇಗಮ್ಮ ಮುಗಿಯುತ್ತೆ?" ಸರಿಯಾದ ಕಾರಣ ಕೊಡಲು ಈ ಸಂಜೆಯೇ ಗಡುವು. ಇಲ್ಲದಿದ್ದರೆ ನಾಲ್ಕು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಪಕ್ಕದ ಮೇಜಿನಲ್ಲಿ ತೇಪೆಯಕ್ಕ ಕೂತಿದ್ದಳು. ಹರಿದ ಪುಟಗಳನ್ನು ಸರಿಮಾಡುವವಳು. ಆ ಹೆಸರು ತಾನೇ ಇಟ್ಟುಕೊಂಡದ್ದು.

"ಮೂರು ದಿನದಿಂದ ಗೋಡೆ ನೋಡ್ತಿದೀಯ. ಗಿಣಿ ಬಾಯಿ ಬಿಡ್ತಾ?"

"ಕಲಿಸಿದ್ದನ್ನ ತಾನೇ ಅಕ್ಕ ಗಿಣಿ ಹೇಳೋದು. ನನಗೇ ಏನೂ ಗೊತ್ತಿಲ್ಲ."

"ನನ್ನ ಒಂಬತ್ತು ಹಸಿರು ಗಿಣಿಗೂ ತೇಪೆ ಹಾಕಿ ಮುಗೀತು, ತಾಯಿ. ಆ ಹಸಿರು ಬಣ್ಣ ಕಾಗದಾನ ತಿಂದು ತಿಂದು ಒಂದೊಂದರ ಹೊಟ್ಟೇಲೂ ತೂತು. ಪುಣ್ಯಕ್ಕೆ ಒಂದಕ್ಷರಾನೂ ಹೋಗಿಲ್ಲ."

"ಒಂದೂ?"

"ಹಿಂದುಗಡೆ ಬರಹ ಇದ್ದರೆ ತಾನೇ ಹೋಗೋಕೆ. ಒಂಬತ್ತರ ಬೆನ್ನಿಗೂ ಬರೀ ಖಾಲಿ ಜಾಗ."

ಸಂಶೋಧಕಿ ನಿಧಾನವಾಗಿ ಎದ್ದಳು. ನಾಲ್ಕು ವರ್ಷ ಅವಳು ನೋಡಿದ್ದು ಚಿತ್ರದ ಬದಿಯ ಫೋಟೋಗಳನ್ನೇ.

"ಹಳದಿ ಗಿಣಿಯ ಹಾಳೆ ತಿರುಗಿಸಕ್ಕ."

ಗಿಣಿಯ ಬೆನ್ನಿಗೆ ಸರಿಯಾಗಿ ನಾಲ್ಕು ಸಾಲು ಬರಹ. ಮುಂದಿನದಕ್ಕೂ ಬರಹ. ಆರನೆಯದಕ್ಕೆ ತೇಪೆಯಕ್ಕನ ಕೈ ನಿಂತಿತು.

"ಕಳ್ಳ ಚಿತ್ರಕಾರ. ತನ್ನ ಹಸಿರಿನ ಹೊಟ್ಟೆಬಾಕತನ ಅವನಿಗೆ ಗೊತ್ತಿತ್ತು ನೋಡು. ಅಕ್ಷರ ಉಳೀಲಿ ಅಂತ ಗಿಣೀನೇ ಕೆಡಿಸ್ಕೊಂಡ."

ಕುಣಿಯಬೇಕಿತ್ತು, ಸಂಶೋಧಕಿಗೆ ಕೂರಬೇಕೆನಿಸಿತು. ಆದರೂ ಸಾಕ್ಷಿ ಬೇಕಲ್ಲ. ತಾಮ್ರವನ್ನು ಹುಳಿಯಲ್ಲಿಟ್ಟು ಹನ್ನೊಂದು ಬಗೆಯಲ್ಲಿ ತಾನೇ ತಯಾರಿಸಿದ ಹಸಿರನ್ನು ಹಾಳೆಗಳಿಗೆ ಬಳಿದು, ಮಾಸುತ್ತದೆಯೇ ನೋಡಲು, ಬೇಗ ಹಳತಾಗಲೆಂದು ತಿಂಗಳಿಂದ ಬಿಸಿಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಅದಲುಬದಲಾಗದಿರಲೆಂದು ಒಂದೊಂದರ ತಾಮ್ರ-ಹುಳಿಗಳ ಅಳತೆಯನ್ನೂ ಆಯಾ ಬಣ್ಣದ ಬೆನ್ನಿಗೇ ಬರೆದಿದ್ದಳು. ಬೇರೆಲ್ಲೂ ಬರೆದಿರಲಿಲ್ಲ.

ಪೆಟ್ಟಿಗೆಯಿಂದ ಮೊದಲ ಹಾಳೆಯನ್ನು ತೆಗೆದು ಅಂಗೈ ಮೇಲಿಟ್ಟು ಮಗುಚಿದಳು. ಮೇಲೆ ದಿನಾಂಕವಿತ್ತು, ಕೆಳಗೆ ಅವಳ ಸಹಿ. ನಡುವೆ, ಸುಟ್ಟ ಅಂಚಿನ ತೂತಿನೊಳಗೆ, ಅವಳದೇ ಕೈರೇಖೆಗಳು ಕಾಣುತ್ತಿದ್ದವು.